ಅಂಚಿನಿಂದ ನಡುವಿಗೆ

ಸಿದ್ದಾಪುರದಲ್ಲಿ ಬೆಳಗಿನ ಬಸ್ಸು ಹತ್ತಿ, ಶಿರಸಿಯಲ್ಲಿ ಇಳಿದು, ಈಗ ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೀರಿ. ತೊಡೆಯ ಮೇಲೆ ದೊಡ್ಡ ಬಟ್ಟೆ ಚೀಲ. ಅದರೊಳಗೆ ಅಮ್ಮ ಉಟ್ಟು ಒಗೆದು ಮೆತ್ತಗಾದ ನೂಲಿನ ಸೀರೆ, ಅಪ್ಪನ ಚೌಕಳಿ ಲುಂಗಿ, ತಮ್ಮನ ಶಾಲೆಯ ನೀಲಿ ಅಂಗಿ, ಒಂದಷ್ಟು ದಿಂಬಿನ ಚೀಲ. ಪಕ್ಕದಲ್ಲಿ ಕೂತ ಹೆಂಗಸು ಚೀಲದ ಬಾಯಿಂದ ಇಣುಕಿದ ಬಣ್ಣ ನೋಡಿ ಕೇಳುತ್ತಾರೆ: "ಕೌದಿ ಹೊಲ್ಸೂಕೆ ಹೊಂಟದ್ದಾ?"

"ಅಲ್ಲ, ಹೊಲಿಯೂದು ಕಲಿಯೂಕೆ."

ಅವರು ನಿಮ್ಮ ಬೆರಳುಗಳ ಕಡೆ ಒಮ್ಮೆ ನೋಡಿ ನಗುತ್ತಾರೆ. ಮತ್ತೇನೂ ಹೇಳುವುದಿಲ್ಲ.

ಶಾಲ್ಮಲೆಯ ಬಂಡೆಗಳ ಮೇಲೆ ಸೋಂದೆಯ ಅರಸರು ಕೆತ್ತಿಸಿದ ಸಹಸ್ರಲಿಂಗಕ್ಕೆ ಹೋಗುವ ತಿರುವು ಹಿಂದಾಯಿತು. ರಸ್ತೆಯ ಎರಡೂ ಬದಿಗೆ ಕಾಡು, ಕಾಡು ಮುಗಿದಲ್ಲಿ ಅಡಕೆ ತೋಟ, ತೋಟ ಮುಗಿದಲ್ಲಿ ಮತ್ತೆ ಕಾಡು. ಕಂಡಕ್ಟರ್ ಮಂಚೀಕೇರಿ ಎಂದು ಕೂಗುತ್ತಾನೆ. ನೀವು ಇಳಿಯಬೇಕಾದದ್ದು ಇನ್ನೂ ಮುಂದೆ, ಹೆಸರಿನ ಹಲಗೆಯಿಲ್ಲದ ಒಂದು ಕ್ರಾಸಿನಲ್ಲಿ. ಅಲ್ಲಿಂದ ಕೆಂಪು ಮಣ್ಣಿನ ದಾರಿ. ನಡೆದಷ್ಟೂ ಸುಲಿದ ಅಡಕೆ ಬೇಯುವ ಒಗರು ವಾಸನೆ ಹಿಂಬಾಲಿಸುತ್ತದೆ. ಕೊಯ್ಲಿನ ಕಾಲ. ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಈ ಹೊದಿಕೆ, ಕೌದಿ, ಕಲಿಯಲು ಇದು ಒಳ್ಳೆಯ ಹೊತ್ತಲ್ಲ, ಏಕೆಂದರೆ ಹೊಲಿಯುವ ಕೈಗಳೇ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಕೆ ಸುಲಿಯಬೇಕು. ಮಳೆಗಾಲದಲ್ಲಿ ಬಂದರೆ ಬಿಡುವೇನೋ ಇರುತ್ತದೆ, ಆದರೆ ಹೊಲಿದದ್ದು ಒಣಗುವುದಿಲ್ಲ. ಇಲ್ಲಿ ಪುರುಸೊತ್ತೂ ಬಿಸಿಲೂ ಒಟ್ಟಿಗೆ ಸಿಗುವುದು ಕಷ್ಟ.

ಮನೆ ಮಣ್ಣಿನ ಗೋಡೆಯದು, ಮೇಲೆ ಹಂಚು. ಬೇಲಿಯ ಮೇಲೆ ಎರಡು ಕೌದಿ ಬಿಸಿಲಿಗೆ ಬಿದ್ದಿವೆ. ಒಂದು ಹೊಸದು, ಬಣ್ಣಗಳು ಇನ್ನೂ ಬೇರೆಬೇರೆಯಾಗಿ ಕಾಣುತ್ತವೆ. ಇನ್ನೊಂದು ಎಷ್ಟು ಹಳೆಯದೆಂದರೆ ತುಂಡುಗಳ ಬಣ್ಣ ಕಲೆತು ಒಂದೇ ಆಗಿದೆ, ಹೊಲಿಗೆಯ ಸಾಲು ಮಾತ್ರ ನೇಗಿಲ ಗೆರೆಯ ಹಾಗೆ ಎದ್ದು ನಿಂತಿದೆ. ಜಗಲಿಯಲ್ಲಿ ನಿಮಗೆ ಕಲಿಸಲಿರುವ ಸಿದ್ದಿ ಅಜ್ಜಿ ಕೂತಿದ್ದಾರೆ, ಒಂದು ಕಾಲು ಮಡಚಿ, ಇನ್ನೊಂದು ಚಾಚಿ. ಬೆಲ್ಲದ ಚಾ ಬರುವ ಮೊದಲೇ ನಿಮ್ಮ ಚೀಲ ತಪಾಸಣೆಯಾಗುತ್ತದೆ. ಸೀರೆಯನ್ನು ಅವರು ಬೆರಳ ನಡುವೆ ಹಿಡಿದು ಉಜ್ಜುತ್ತಾರೆ, ಪಾಸು. ಲುಂಗಿ ಪಾಸು. ನೀಲಿ ಅಂಗಿಯ ಅಂಚು ಮಡಚಿ ಹೆಬ್ಬೆರಳ ಉಗುರಿನಿಂದ ಗೀರುತ್ತಾರೆ. ಮಡಿಕೆ ನಿಲ್ಲುವುದಿಲ್ಲ, ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ.

"ಇದು ಬೇಡ ತಂಗಿ. ಪಾಲಿಸ್ಟರ್. ಮಾತು ಕೇಳೂದಿಲ್ಲ."

ಮೊದಲ ಪಾಠ ಅಲ್ಲಿಗೆ ಮುಗಿಯಿತು. ಇಲ್ಲಿ ಇಸ್ತ್ರಿ ಪೆಟ್ಟಿಗೆ ಇಲ್ಲ, ಗುಂಡುಪಿನ್ನು ಇಲ್ಲ, ಅಳತೆಪಟ್ಟಿ ಇಲ್ಲ. ಉಗುರು ಗೀರಿದ ಮಡಿಕೆಯನ್ನು ಹಿಡಿದಿಟ್ಟುಕೊಳ್ಳುವ ಗುಣ ಬಟ್ಟೆಗೇ ಇರಬೇಕು. ಹತ್ತಿಗೆ ಅದಿದೆ. ಅದೂ ಹಳೆಯ ಹತ್ತಿಯಾದರೆ ಇನ್ನೂ ಒಳ್ಳೆಯದು. ಹತ್ತಾರು ಸಲ ಒಗೆಸಿಕೊಂಡ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಅದರ ಪಕ್ಕ ಹೊಲಿದರೆ ಮೊದಲ ಒಗೆತಕ್ಕೇ ಹೊಸದು ಕುಗ್ಗಿ ಹಳೆಯದನ್ನು ಜಗ್ಗುತ್ತದೆ. ಬಡತನಕ್ಕೆ ಹಳೆ ಬಟ್ಟೆ ಹೊಲಿಯುತ್ತಾರೆ ಎಂದುಕೊಂಡವರು ಈ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಈಗ ಸೀರೆ ನೆಲದ ಮೇಲೆ ಹಾಸಿದೆ. ಸಗಣಿ ಸಾರಿಸಿದ ನೆಲ, ತಂಪು. ಮಗುವಿಗೆ ಹೊದಿಸುವ ಅಳತೆಗೆ ಸೀರೆಯನ್ನು ಮಡಚಿ, ಸುತ್ತಲೂ ಅಂಚನ್ನು ಒಳಕ್ಕೆ ಮಡಿಸಿ ಗೀರಿದ್ದೀರಿ. ಇದು ಬೆನ್ನು. ಮೇಲೆ ಬರುವುದೆಲ್ಲ ತುಂಡುಗಳು. ಅವುಗಳನ್ನು ಮೊದಲು ಜೋಡಿಸಿ ನೋಡೋಣ, ಯಾವ ಬಣ್ಣದ ಪಕ್ಕ ಯಾವುದು ಚಂದ ಎಂದು ತೀರ್ಮಾನಿಸೋಣ ಎಂದು ನೀವು ತುಂಡುಗಳನ್ನು ಹರವತೊಡಗುತ್ತೀರಿ. ಅಜ್ಜಿ ಒಂದೇ ಕೈಯಲ್ಲಿ ಅವನ್ನೆಲ್ಲ ಬಾಚಿ ಬುಟ್ಟಿಗೆ ಹಾಕುತ್ತಾರೆ.

"ಮೂಲೆಯಿಂದ ಶುರು ಮಾಡು. ಮುಂದಿಂದು ಮುಂದೆ ಗೊತ್ತಾಗ್ತದೆ."

ಎಡಮೂಲೆಯಲ್ಲಿ ಲುಂಗಿಯ ಒಂದು ತುಂಡು. ಅದರ ಹೊರಗಿನ ಎರಡು ಬದಿ ಒಳಕ್ಕೆ ಮಡಚಿ, ಬೆನ್ನಿನ ಅಂಚಿಗೆ ಸರಿಯಾಗಿ ಕೂರಿಸಿ. ಒಳಗಿನ ಎರಡು ಬದಿ ಹಾಗೇ ಬಿಡಿ, ನೂಲು ಎದ್ದಿದ್ದರೂ ಚಿಂತೆಯಿಲ್ಲ. ಸೂಜಿಗೆ ಎರಡೆಳೆ ದಾರ. ಅಂಚಿನ ಉದ್ದಕ್ಕೂ ಸಾದಾ ಹೊಲಿಗೆ, ಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವ ಅದೇ ರನ್ನಿಂಗ್ ಸ್ಟಿಚ್ಚು. ತುಂಡಿನ ಕೊನೆ ಬಂತು. ಮುಂದಿನ ತುಂಡು ತೆಗೆದುಕೊಳ್ಳಿ, ಅದರ ಹೊರಬದಿಯನ್ನೂ ಹಿಂದಿನ ತುಂಡಿನ ಕಡೆಯ ಬದಿಯನ್ನೂ ಮಡಚಿ, ಹಿಂದಿನದರ ಹರಿದ ಅಂಚು ಮುಚ್ಚುವ ಹಾಗೆ ಮೇಲೆ ಇಡಿ. ಹೊಲಿಗೆ ನಿಲ್ಲಿಸದೆ ಅದರ ಮೇಲೆ ಹಾಯಿಸಿ. ಹೀಗೆ ನಾಲ್ಕೂ ಬದಿ ಸುತ್ತಿ ಬಂದರೆ ಒಂದು ಚೌಕಟ್ಟು ಆಯಿತು. ಅದರ ಒಳಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಇನ್ನೊಂದು ಸಾಲು. ಅದರೊಳಗೆ ಇನ್ನೊಂದು. ಮೊದಲ ತುಂಡುಗಳ ಒಳ ಅಂಚು ಸಮೀಪಿಸಿತೋ, ಅದನ್ನು ಮುಚ್ಚುವ ಹೊಸ ತುಂಡು ಬಂತು. ಹರಿದ ಅಂಚು ಯಾವಾಗಲೂ ಒಳಮುಖವಾಗಿ ಕಾಯುತ್ತಿರುತ್ತದೆ, ಮಡಚಿದ ಅಂಚು ಬಂದು ಅದನ್ನು ಮುಚ್ಚುತ್ತದೆ. ನಾಲ್ಕೂ ಬದಿ ಮಡಚಬೇಕಾದ್ದು ಒಂದೇ ಒಂದು ತುಂಡಿಗೆ, ಎಲ್ಲಕ್ಕಿಂತ ಕೊನೆಗೆ ನಡುವಿಗೆ ಬೀಳುವ ತುಂಡಿಗೆ.

ಅಂದರೆ ತುಂಡು ಜೋಡಿಸುವುದು, ಪದರ ಸೇರಿಸುವುದು, ಹೊಲಿಯುವುದು ಮೂರೂ ಇಲ್ಲಿ ಒಂದೇ ಕೆಲಸ. ಅಮೆರಿಕದ ಕ್ವಿಲ್ಟಿನಲ್ಲಿ ಮೇಲಿನ ಹೊದಿಕೆಯನ್ನು ಮೊದಲು ಪೂರ್ತಿ ಜೋಡಿಸಿಕೊಂಡು, ನಡುವೆ ಹತ್ತಿ ಹಾಸಿ, ಕೆಳಗೆ ಬೆನ್ನಿನ ಬಟ್ಟೆಯಿಟ್ಟು, ಆಮೇಲೆ ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಅಲ್ಲಿ ಕಲಿಸುವ ಮುಖ್ಯ ನಿಯಮವೊಂದಿದೆ: ನಡುವಿನಿಂದ ಹೊರಟು ಅಂಚಿನ ಕಡೆಗೆ ಹೋಗಿ. ಕಾರಣ ಸರಳ. ಹೊಲಿಯುತ್ತ ಹೋದಂತೆ ಬಟ್ಟೆಯಲ್ಲಿ ಉಳಿಯುವ ಸಡಿಲವೆಲ್ಲ ಸೂಜಿಯ ಮುಂದೆ ಸರಿಯುತ್ತದೆ. ಅಂಚು ತೆರೆದಿದ್ದರೆ ಅದು ಹೊರಗೆ ಹೋಗಿ ಕಳೆದುಹೋಗುತ್ತದೆ. ಸಿದ್ದಿಯರ ಕೌದಿ ಇದಕ್ಕೆ ತದ್ವಿರುದ್ಧ. ಅಂಚನ್ನು ಮೊದಲೇ ಕಟ್ಟಿಹಾಕಿ ನಡುವಿಗೆ ಬರುತ್ತದೆ. ಸಡಿಲಕ್ಕೆ ಹೊರಗೆ ಹೋಗಲು ಬಾಗಿಲಿಲ್ಲ. ಪ್ರತಿ ಸಾಲಿನಲ್ಲಿ ಕೂದಲೆಳೆಯಷ್ಟು ಉಳಿದರೂ ಎಲ್ಲ ಸೇರಿ ಕೊನೆಗೆ ನಡುವೆ ಗುಳ್ಳೆಯಾಗಿ ಏಳುತ್ತದೆ. ತಪ್ಪು ದಿಕ್ಕಿನಲ್ಲಿ ಹೋಗಿಯೂ ಸಮತಟ್ಟಾಗಿ ಮುಗಿಸುವುದೇ ಈ ಹೊಲಿಗೆಯ ಅಸಲು ವಿದ್ಯೆ. ಹೊಲಿಗೆಯಲ್ಲಿ ಕಷ್ಟವೇನಿಲ್ಲ. ಕಷ್ಟವೆಲ್ಲ ಬಟ್ಟೆಯನ್ನು ಸುಮ್ಮನಿರಿಸುವುದರಲ್ಲಿ.

ಅಜ್ಜಿಯ ಎಡಗೈ ನೋಡಿ. ಬಲಗೈ ಸೂಜಿಯದು, ಅದನ್ನು ಎಲ್ಲರೂ ನೋಡುತ್ತಾರೆ. ಎಡಗೈ ಬಟ್ಟೆಯ ಅಡಿಯಲ್ಲಿದೆ. ಸೂಜಿಯ ಮೊನೆ ಬೆನ್ನಿನ ಸೀರೆಯನ್ನು ದಾಟಿ ಬೆರಳಿಗೆ ತಾಗಿದ ಕೂಡಲೇ ಆ ಬೆರಳೇ ಅದನ್ನು ಮೇಲಕ್ಕೆ ತಳ್ಳುತ್ತದೆ. ಮೂರ್ನಾಲ್ಕು ಹೊಲಿಗೆ ಸೂಜಿಯ ಮೇಲೆ ಸೇರಿದ ಮೇಲೆ ದಾರ ಎಳೆಯುತ್ತಾರೆ. ಎಳೆದು, ಹೊಲಿದ ಜಾಗವನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ತೀಡಿ, ದಾರಕ್ಕೆ ಒಂದಿಷ್ಟು ಸಡಿಲ ಕೊಡುತ್ತಾರೆ. ಮರದ ಚೌಕಟ್ಟಿಲ್ಲದೆ ಬಟ್ಟೆ ಬಿಗಿಯಾಗಿ ನಿಲ್ಲುವುದು ಹೇಗೆ ಎಂದು ನಿಮಗೆ ಈಗ ಗೊತ್ತಾಗುತ್ತದೆ. ಚಾಚಿದ ಕಾಲಿನ ಭಾರ ಒಂದು ಕಡೆ, ಮಡಚಿದ ಮೊಣಕಾಲು ಇನ್ನೊಂದು ಕಡೆ, ಕೌದಿಯ ಸ್ವಂತ ತೂಕ ಮೂರನೆಯದು. ಅವರು ಕೌದಿಯ ಮುಂದೆ ಕೂತಿಲ್ಲ, ಕೌದಿಯ ಮೇಲೆಯೇ ಕೂತಿದ್ದಾರೆ. ಅಡಿಗಿರುವ ಬೆರಳಿಗೆ ಲೋಹದ ಟೊಪ್ಪಿ ಇಲ್ಲ. ಅಡಕೆ ಸುಲಿದು ಸುಲಿದು ಕಟ್ಟಿದ ಜಡ್ಡೇ ಸಾಕು. ನಿಮ್ಮ ಬೆರಳಲ್ಲಿ ಆಗಲೇ ರಕ್ತದ ಚುಕ್ಕೆ.

"ದಾರ ಎಳದ್ರೆ ಮುದುಡ್ತದೆ. ಬಿಟ್ರೆ ಜೋಲ್ತದೆ. ನಡೂಕೆ ಹಿಡಿ," ಎನ್ನುತ್ತಾರೆ ಅಜ್ಜಿ.

ಆ ನಡು ಎಲ್ಲಿದೆ ಎಂದು ಬಾಯಲ್ಲಿ ಹೇಳಲು ಬರುವುದಿಲ್ಲ. ಅವರು ನಿಮ್ಮ ಕೈಯ ಮೇಲೆ ತಮ್ಮ ಕೈಯಿಟ್ಟು ಒಮ್ಮೆ ಎಳೆಯುತ್ತಾರೆ. ನೀವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ ಬಲ.

ಜಗಲಿಯ ಇನ್ನೊಂದು ತುದಿಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ನು ಇದೆ. ಸೊಸೆಯದು. ಟೇಲರಿಂಗ್ ಕಲಿತವಳು, ಕೇರಿಯ ಜಂಪರ್ ಹೊಲಿಗೆಯೆಲ್ಲ ಅವಳದೇ. ಇದರಲ್ಲೇ ಕೌದಿ ಹೊಲಿದರೆ ಬೇಗ ಆಗುವುದಿಲ್ಲವೇ ಎಂಬ ಪ್ರಶ್ನೆ ನಿಮ್ಮ ನಾಲಿಗೆಯ ತುದಿಗೆ ಬಂದಿದೆ. ಅವಳಿಗೂ ಬಂದಿತ್ತು.

"ಮಾಡಿ ನೋಡಿದ್ದೆ ಅಕ್ಕ. ತೋರಿಸ್ತೆ ಬನ್ನಿ."

ನಾಲ್ಕು ಪದರದ ಒಂದು ತುಂಡನ್ನು ಮಷಿನ್ನಿಗೆ ಕೊಟ್ಟು ತುಳಿಯುತ್ತಾಳೆ. ಸರಸರ ಒಂದು ಗೇಣು ಹೊಲಿಗೆ. ತುದಿ ನೋಡಿ: ಹೊರಡುವಾಗ ಸಮನಾಗಿದ್ದ ಪದರಗಳಲ್ಲಿ ಈಗ ಕೆಳಗಿನದು ಮುಂದೆ ಹೋಗಿದೆ, ಮೇಲಿನದು ಹಿಂದೆ ಉಳಿದು ಅಲೆಅಲೆಯಾಗಿದೆ. ಮಷಿನ್ನಿನ ಹಲ್ಲು ಇರುವುದು ಕೆಳಗೆ, ಅದು ಅಡಿಯ ಬಟ್ಟೆಯನ್ನಷ್ಟೇ ಹಿಡಿದು ಮುಂದಕ್ಕೆ ಒಯ್ಯುತ್ತದೆ. ಮೇಲೆ ಒತ್ತಿ ಕೂತ ಫೂಟು ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಎರಡು ಪದರದ ಜಂಪರಿನಲ್ಲಿ ಈ ವ್ಯತ್ಯಾಸ ಕೈಯಲ್ಲೇ ಸರಿಹೋಗುತ್ತದೆ, ಕೌದಿಯಲ್ಲಿ ಸಾಲಿನಿಂದ ಸಾಲಿಗೆ ಬೆಳೆಯುತ್ತದೆ. ಮೇಲಿನಿಂದಲೂ ಬಟ್ಟೆ ಎಳೆಯುವ ಬೇರೆ ಫೂಟುಗಳು ಪೇಟೆಯಲ್ಲಿ ಸಿಗುತ್ತವೆ, ನಿಜ. ಆದರೆ ಹಾಸಿ ಮಲಗುವ ಅಳತೆಯ ಕೌದಿಯನ್ನು ಸುರುಳಿ ಸುತ್ತಿ ಮಷಿನ್ನಿನ ತೋಳಿನ ಕೆಳಗೆ ತುರುಕಬೇಕು, ಪ್ರತಿ ಮೂಲೆಯಲ್ಲಿ ಅಷ್ಟನ್ನೂ ಹೊರಳಿಸಬೇಕು, ಪ್ರತಿ ತುಂಡಿಗೆ ನಿಲ್ಲಿಸಿ ಅಂಚು ಮಡಚಬೇಕು. ಅಷ್ಟು ಮಾಡುವ ಹೊತ್ತಿಗೆ ಅಜ್ಜಿಯ ಕೈ ಒಂದು ಸುತ್ತು ಮುಗಿಸಿರುತ್ತದೆ. ಸೊಸೆ ಮಷಿನ್ನನ್ನು ಜಂಪರಿಗೇ ಬಿಟ್ಟಿದ್ದಾಳೆ. ಅಲ್ಲಿ ಉಳಿಯುವ ಚೂರುಗಳೆಲ್ಲ ಅಜ್ಜಿಯ ಬುಟ್ಟಿಗೆ ಬೀಳುತ್ತವೆ. ಎರಡೂ ಒಂದೇ ಜಗಲಿಯಲ್ಲಿ ಜಗಳವಿಲ್ಲದೆ ನಡೆಯುತ್ತಿವೆ.

ಮಧ್ಯಾಹ್ನ ಅನ್ನ, ಒಣಮೀನಿನ ಸಾರು. ಸಿದ್ದಿಯರು ಎಂದೊಡನೆ ಹೊರಗಿನವರಿಗೆ ಡಮಾಮಿ ಕುಣಿತ ನೆನಪಾಗುತ್ತದೆ, ಓಟದ ಟ್ರ್ಯಾಕು ನೆನಪಾಗುತ್ತದೆ, ಮಂಚೀಕೇರಿಯ ನಾಟಕ ನೆನಪಾಗುತ್ತದೆ. ಸೂಜಿ ನೆನಪಾಗುವುದಿಲ್ಲ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿಯ ಹಳ್ಳಿಗಳಲ್ಲಿದ್ದಾರೆ. ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದರ ಮರುವರ್ಷ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕೌದಿಗಳನ್ನು ನೋಡಿ, ಸಾರಾ ಖಾನ್ ಜೊತೆಗೂಡಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಸಂಘ ಕಟ್ಟಲು ಕೈಹಾಕಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪು ಜನರ ಸಂಸ್ಕೃತಿಯ ಅಧ್ಯಯನಕ್ಕೆಂದೇ ಇರುವ ಷೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಬೇಲಿಯ ಮೇಲೆ ಬಿಸಿಲಿಗೆ ಬೀಳುತ್ತಿದ್ದದ್ದು ಗೋಡೆಗೆ ಏರಿತು.

ಆಗಿನಿಂದ ಇದು ಆಫ್ರಿಕಾದಿಂದಲೇ ಬಂದ ಕಲೆ ಎಂದು ಹೇಳುವವರ ಆತುರ ಹೆಚ್ಚಿದೆ. ನನಗೆ ಅದು ಅಷ್ಟು ಸಲೀಸು ಅನ್ನಿಸುವುದಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಮನೆಮನೆಗಳಲ್ಲಿ ಕೌದಿ ಇದೆ. ಮನೆಬಾಗಿಲಿಗೆ ಬಂದು ಕೌದಿ ಹೊಲಿದುಕೊಟ್ಟು ಹೋಗುವ ಹೆಂಗಸರನ್ನು ಆ ಕಡೆಯವರೆಲ್ಲ ಬಲ್ಲರು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಅದೇ ಗೋಧಡಿ. ಹಳೆಯ ಬಟ್ಟೆ, ಸಾದಾ ಹೊಲಿಗೆ ಈ ನೆಲದ್ದೇ. ಸಿದ್ದಿ ಹೆಂಗಸರು ಅದನ್ನು ತಮ್ಮದಾಗಿ ಮಾಡಿಕೊಂಡದ್ದು ಬಣ್ಣದ ಧೈರ್ಯದಲ್ಲಿ, ಅಳತೆಗೆ ಸೊಪ್ಪು ಹಾಕದ ತುಂಡುಗಳಲ್ಲಿ, ಮೂಲೆಗೆ ಹೊಲಿಯುವ ಬಟ್ಟೆಯ ಹೂವಿನಲ್ಲಿ. ಅದು ಸಣ್ಣ ಸಾಧನೆಯೇನಲ್ಲ. ಹುಟ್ಟೂರು ಯಾವುದೆಂದು ಪತ್ತೆಹಚ್ಚಿದರಷ್ಟೇ ಕಲೆಗೆ ಬೆಲೆ ಎಂಬುದು ಮ್ಯೂಸಿಯಮ್ಮಿನವರ ಲೆಕ್ಕ.

ಮತ್ತೆ ಜಗಲಿಗೆ ಬನ್ನಿ. ಬಿಸಿಲು ಅಂಗಳದ ಅಡಕೆಯಿಂದ ಜಗಲಿಯ ಕಟ್ಟೆಗೆ ಏರಿದೆ. ನಿಮ್ಮ ಚೌಕಟ್ಟಿನೊಳಗೆ ಚೌಕಟ್ಟು ಸೇರುತ್ತ ಹೋಗಿದೆ. ಮೂಲೆಯಿಂದ ಮೂಲೆಗೆ ಹೊಲಿಗೆ ತಿರುಗಿದ ಜಾಗಗಳು ಸೇರಿ ನಾಲ್ಕು ಓರೆಗೆರೆಗಳು ತಾವಾಗಿ ಮೂಡಿವೆ, ಅವನ್ನು ಯಾರೂ ಬರೆದದ್ದಲ್ಲ. ಈ ಗೆರೆ ಸೊಟ್ಟಗಾದರೆ ಯಾವುದೋ ಬದಿಯ ಸಾಲುಗಳು ಅಗಲವಾಗಿವೆ ಎಂದರ್ಥ. ಅಜ್ಜಿ ಓರೆಗೆರೆ ನೋಡಿಯೇ ಕೆಲಸದ ಗುಣ ಹೇಳುತ್ತಾರೆ. ಚೌಕವಾದ ಕೌದಿಯಾದರೆ ಗೆರೆಗಳು ಒಂದು ಚುಕ್ಕೆಯಲ್ಲಿ ಕೂಡುತ್ತವೆ. ನಿಮ್ಮದು ಉದ್ದ ಹೆಚ್ಚಿರುವ ಕೌದಿ, ಹಾಗಾಗಿ ನಡುವೆ ಉಳಿಯುವುದು ಚುಕ್ಕೆಯಲ್ಲ, ಒಂದು ಉದ್ದನೆಯ ಸೀಳು. ಉದ್ದ ಅಗಲದ ವ್ಯತ್ಯಾಸ ಎಷ್ಟೋ, ಸೀಳಿನ ಉದ್ದ ಅಷ್ಟು. ಜ್ಯಾಮಿತಿಯ ಮೇಷ್ಟ್ರು ಇದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಬಹುದು. ಇಲ್ಲಿ ಅದು ಬೆರಳಿಗೆ ಗೊತ್ತು. ಆ ಸೀಳಿಗೆ ಸರಿಹೊಂದುವ ಉದ್ದನೆಯ ತುಂಡನ್ನು ಅಜ್ಜಿ ಬೆಳಿಗ್ಗೆಯೇ ಬುಟ್ಟಿಯ ಬದಿಯಲ್ಲಿ ಎತ್ತಿಟ್ಟಿದ್ದರು. ಇಳಕಲ್ ಸೀರೆಯ ಕೆಂಪು ಸೆರಗಿನ ಪಟ್ಟಿ.

ಪ್ರತಿ ಸುತ್ತು ಮುಗಿದಾಗ ಒಂದು ಕೆಲಸ ಮರೆಯಬಾರದು. ಕೌದಿಯನ್ನು ಎತ್ತಿ, ಕೊಡವಿ, ತಿರುವಿ ಹಾಕಿ, ಬೆನ್ನಿನ ಕಡೆ ಅಂಗೈಯಿಂದ ಸವರಬೇಕು. ಸುಕ್ಕು ಕೈಗೆ ಸಿಗುತ್ತದೆ, ಕಣ್ಣಿಗೆ ಸಿಗುವುದು ಆಮೇಲೆ. ಸಿಕ್ಕಿತೋ, ಅಷ್ಟು ಸಾಲು ಬಿಚ್ಚಬೇಕು. ಅಜ್ಜಿ ನಿಮ್ಮ ಎರಡು ಸಾಲು ಬಿಚ್ಚುತ್ತಾರೆ, ಮುಖದಲ್ಲಿ ಬೇಸರವಿಲ್ಲ. ದಾರವನ್ನು ಕತ್ತರಿಸುವುದೂ ಇಲ್ಲ, ಸುತ್ತಿ ಮತ್ತೆ ಸೂಜಿಗೆ ಪೋಣಿಸುತ್ತಾರೆ.

ಸಂಜೆ ಸಮೀಪಿಸಿದಾಗ ಪಕ್ಕದ ಮನೆಯ ಇಬ್ಬರು ಬಂದು ಇನ್ನೊಂದು ಬದಿಯಲ್ಲಿ ಕೂತು ಹೊಲಿಯತೊಡಗುತ್ತಾರೆ, ಯಾರೂ ಕರೆದಿಲ್ಲ. ಮಾತು ಕೊಂಕಣಿಗೂ ಕನ್ನಡಕ್ಕೂ ನಡುವೆ ಜಿಗಿಯುತ್ತದೆ. ಕೊನೆಯ ಕೆಂಪು ಪಟ್ಟಿ ನಾಲ್ಕೂ ಬದಿ ಮಡಚಿಕೊಂಡು ನಡುವೆ ಕೂರುತ್ತದೆ. ನಿಮ್ಮ ಜಾಗದಲ್ಲಿ ಅಜ್ಜಿಯೇ ಹೊಲಿಯುತ್ತಾರೆ, ಅದರ ಬಗ್ಗೆ ಚರ್ಚೆ ಇಲ್ಲ. ಆಮೇಲೆ ಹೂವು. ಸಣ್ಣ ಚೌಕ ತುಂಡನ್ನು ಮಡಚಿ ಮತ್ತೆ ಮಡಚಿ ಮುಕ್ಕೋನ ಮಾಡಿ, ಒಂದರ ಮೇಲೊಂದು ಬಣ್ಣ ಕಾಣುವ ಹಾಗೆ ಪೇರಿಸಿ, ನಾಲ್ಕು ಮೂಲೆಗೂ ಹೊಲಿಯಬೇಕು. ಇವರ ಬಾಯಲ್ಲಿ ಅದು ಫೂಲ. ಇದರಿಂದ ಕೌದಿ ಬೆಚ್ಚಗೇನೂ ಆಗುವುದಿಲ್ಲ. ಹಾಗಾದರೆ ಯಾಕೆ ಎಂದು ನೀವು ಕೇಳುತ್ತೀರಿ.

"ಹೂವಿಲ್ದೆ ಕೊಟ್ರೆ ಬೋಳು ಕೌದಿ ಕೊಟ್ಟ ಹಂಗೆ," ಎನ್ನುತ್ತಾಳೆ ಸೊಸೆ.

ಅಜ್ಜಿ ಅದಕ್ಕೆ ತಲೆಯಾಡಿಸಿ, ನಿಮ್ಮ ನೀಲಿ ಪಾಲಿಸ್ಟರ್ ಅಂಗಿಯನ್ನು ಮಡಚಿ ಚೀಲಕ್ಕೆ ವಾಪಸು ಹಾಕುತ್ತಾರೆ.

ಈಗ ಇಲ್ಲಿ ಎಲ್ಲರೂ ಹೇಳುವ ಕಷ್ಟ ಒಂದೇ, ಬಟ್ಟೆ. ಹೊಲಿಯಲು ಕೈಗಳಿವೆ, ಕೊಳ್ಳಲು ಜನ ಬರುತ್ತಾರೆ. ಆದರೆ ದಿನವೂ ಉಡುವ ಸೀರೆ ಸಿಂಥೆಟಿಕ್ ಆಗಿದೆ, ಶಾಲೆಯ ಸಮವಸ್ತ್ರ ಪಾಲಿಸ್ಟರ್ ಬೆರಕೆ, ಮನೆಗೆಲಸಕ್ಕೆ ಹೋದಲ್ಲಿ ಕೊಟ್ಟು ಕಳಿಸುವ ಗಂಟಿನಲ್ಲೂ ಅದೇ. ಜಾರುವ ಬಟ್ಟೆಯಲ್ಲಿ ಹೊಲಿದ ಕೌದಿಗಳೂ ಸಂತೆಗೆ ಬರುತ್ತಿವೆ, ದೂರದಿಂದ ನೋಡಲು ಹೊಳೆಯುತ್ತವೆ. ಕೈಯಿಟ್ಟು ಬೆನ್ನು ಸವರಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹೊದ್ದರೆ ಬೆವರು ಹೀರುವುದಿಲ್ಲ.

ಮನೆಯಲ್ಲಿ ಹಳೆಯ ನೂಲಿನ ಸೀರೆ, ಪಂಚೆ, ಲುಂಗಿ ಇದ್ದರೆ ಒರೆಸುವ ಬಟ್ಟೆ ಮಾಡಬೇಡಿ. ಒಗೆದು, ಪಾಲಿಸ್ಟರನ್ನು ಬೇರೆ ಮಾಡಿ, ಕೌದಿ ಹೊಲಿಯುವವರಿಗೆ ಮುಟ್ಟಿಸಿ. ಕೊಳ್ಳುವಾಗ ಹಳೆ ಬಟ್ಟೆಗೆ ಇಷ್ಟೊಂದು ದುಡ್ಡೇ ಎಂದು ಚೌಕಾಸಿಗೆ ಇಳಿಯಬೇಡಿ, ನೀವು ಕೊಡುತ್ತಿರುವುದು ಬಟ್ಟೆಯ ಬೆಲೆಯಲ್ಲ, ದೊಡ್ಡ ಕೌದಿಗಾಗಿ ವಾರಗಟ್ಟಲೆ ನೆಲದ ಮೇಲೆ ಕೂತ ಕೂಲಿ.